ಟೊಮೆಟೊ ಯಾವ ಬುಟ್ಟಿಗೆ?

ಡೊಂಬಿವಲಿ ಅಮ್ಮ:
ಮಗಳು ಒಂದನೇ ಕ್ಲಾಸು. ವರ್ಕ್‌ಶೀಟ್‌ನಲ್ಲಿ ಎರಡು ಬುಟ್ಟಿ, ಒಂದು ಹಣ್ಣಿಗೆ, ಒಂದು ತರಕಾರಿಗೆ. ಸೇಬು, ಕ್ಯಾರೆಟ್ ಚಿತ್ರಗಳನ್ನು ಸಲೀಸಾಗಿ ಅಂಟಿಸಿದಳು. ಟೊಮೆಟೊ ಮಾತ್ರ ಕೈಯಲ್ಲೇ ಇದೆ. "ಒಳಗೆ ಬೀಜ ಇದೆಯಲ್ಲಮ್ಮ, ಹಣ್ಣಲ್ವಾ?" ಅಂತಾಳೆ. ಏನು ಹೇಳಲಿ?

ಮಾಟುಂಗಾ ಟೀಚರ್:
ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. "ಸುಮ್ನೆ ಅಂಟಿಸು" ಅನ್ನಬೇಡಿ. ಎರಡೂ ಲೆಕ್ಕ ಹೇಳಿ. ಗಿಡದ ಲೆಕ್ಕದಲ್ಲಿ, ಹೂವಿನಿಂದ ಬೆಳೆದು ಬೀಜ ಹೊತ್ತಿರುವುದೆಲ್ಲ ಹಣ್ಣೇ. ಟೊಮೆಟೊ, ಬದನೆ, ಬೆಂಡೆ, ಹೀರೆ, ಕುಂಬಳ ಎಲ್ಲವೂ. ಅಡುಗೆಮನೆ ಲೆಕ್ಕದಲ್ಲಿ, ಪಲ್ಯಕ್ಕೂ ಹುಳಿಗೂ ಬೀಳುವುದು ತರಕಾರಿ. 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಆಮದು ಸುಂಕದ ವಿಚಾರವಾಗಿ ಇದೇ ಜಗಳ ಬಂದಿತ್ತು. ಗಿಡದ ಪ್ರಕಾರ ಹಣ್ಣು ಅಂತ ಒಪ್ಪಿಕೊಂಡೇ, ಸುಂಕಕ್ಕೆ ತರಕಾರಿ ಅಂತ ತೀರ್ಪು ಕೊಟ್ಟರು. ವರ್ಕ್‌ಶೀಟ್ ಕೇಳುವುದು ಅಡುಗೆಮನೆ ಲೆಕ್ಕ. ತರಕಾರಿ ಬುಟ್ಟಿಗೆ ಹಾಕಲಿ.

ಆದರೆ ಅಷ್ಟಕ್ಕೇ ಬಿಡಬೇಡಿ. ಬಿಡುವಾದಾಗ ಮಾಟುಂಗಾ ಮಾರ್ಕೆಟ್ಟಿಗೆ ಕರೆದುಕೊಂಡು ಬನ್ನಿ. ಮುಂಬೈಯಲ್ಲೇ ನಮ್ಮ ಕಡೆಯ ತರಕಾರಿ ಎಲ್ಲ ಅಲ್ಲಿ ಸಿಗುತ್ತೆ. ಬಾಳೆಯದೇ ಎಲೆ, ದಿಂಡು, ಪೂಂಬೆ (ಬಾಳೆ ಹೂ), ಕಾಯಿ, ಹಣ್ಣು ತಗೊಂಡು ನೆಲದ ಮೇಲೆ ಸಾಲಾಗಿ ಇಡಿ. ಪೂಂಬೆಯ ಕೆಂಪು ಪದರ ಒಂದೊಂದೇ ಅವಳೇ ಬಿಡಿಸಲಿ. ಒಳಗೆ ಬಾಳೆಹಣ್ಣಿನ ಚಿಪ್ಪಿನ ಹಾಗೆ ಒತ್ತೊತ್ತಾಗಿ ಸಣ್ಣ ಹೂಗಳು ಕಾಣುತ್ತವೆ. ಹಣ್ಣನ್ನು ಅಡ್ಡ ಕತ್ತರಿಸಿದರೆ ನಡುವೆ ಕಪ್ಪು ಚುಕ್ಕಿಗಳಿರುತ್ತವೆ, ಬೆಳೆಯದೆ ಉಳಿದ ಬೀಜಗಳು. ಇದು ಬೇರು, ಇದು ಕಾಂಡ, ಇದು ಹೂ ಅಂತ ವಿಂಗಡಿಸುವುದು ಮಕ್ಕಳಿಗೆ ಎರಡು ಬುಟ್ಟಿಗಿಂತ ಎಷ್ಟೋ ಇಷ್ಟವಾಗುತ್ತೆ. ನನ್ನ ಕ್ಲಾಸಿನಲ್ಲಿ ದಿನಾ ನೋಡುತ್ತೇನೆ.

ಠಾಣೆ ಅಪ್ಪ:
ಟೀಚರ್, ಆರು ವರ್ಷದ ಮಗುವಿಗೆ ಇದು ಜಾಸ್ತಿ ಆಗಲ್ವಾ? ಆಲೂಗಡ್ಡೆ ಬೇರು ಅಂತ ಹೇಳಿಕೊಟ್ಟರೆ ಸಾಕಲ್ವಾ?

ಮಾಟುಂಗಾ ಟೀಚರ್:
ಆಲೂಗಡ್ಡೆ ಬೇರಲ್ಲ ಸರ್, ಕಾಂಡ. ಅದರ ಮೇಲಿನ ಕಣ್ಣುಗಳೇ ಮೊಗ್ಗು, ಮೊಳಕೆ ಬರುವುದು ಅಲ್ಲಿಂದಲೇ. ಬೇರು ತೋರಿಸಬೇಕೆಂದರೆ ಗೆಣಸು, ಮೂಲಂಗಿ, ಕ್ಯಾರೆಟ್ ತೋರಿಸಿ. ದೊಡ್ಡ ಪದ ಒಂದೂ ಬೇಡ. ಕೈಯಲ್ಲಿ ಹಿಡಿದು, ಕತ್ತರಿಸಿ ನೋಡಿದರೆ ಅವರಿಗೇ ಗೊತ್ತಾಗುತ್ತೆ. ಚಾಕು ಮಾತ್ರ ನೀವೇ ಹಿಡಿಯಿರಿ.

ಡೊಂಬಿವಲಿ ಅಮ್ಮ:
ತುಂಬಾ ಥ್ಯಾಂಕ್ಸ್ ಟೀಚರ್. ಈಗ ಅವಳು ಈರುಳ್ಳಿ ತಂದು ಮುಂದೆ ನಿಂತಿದ್ದಾಳೆ!

ಮಾಟುಂಗಾ ಟೀಚರ್:
ಉದ್ದಕ್ಕೆ ಸೀಳಿ ತೋರಿಸಿ. ಆ ಪದರಗಳೆಲ್ಲ ಎಲೆಯ ಬುಡ. ಕೆಳಗಿನ ಗಟ್ಟಿ ಬಿಲ್ಲೆ ಕಾಂಡ. ಬೇರು ಹೊರಡುವುದು ಅದರಿಂದಲೇ.