ಭದ್ರಾವತಿಯ ಗಾಜಿನ ನೆಗೆಟಿವ್: ಸ್ಕ್ಯಾನ್ ಮಾಡಿದರೆ ದಿಮ್ಮಿಗಳೇ ಕರಗಿಹೋಗ್ತಿವೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರ ಟ್ರಂಕಿನಲ್ಲಿ ಹನ್ನೊಂದು ಗಾಜಿನ ನೆಗೆಟಿವ್ ಸಿಕ್ಕಿವೆ. ದಿಮ್ಮಿಗಳ ರಾಶಿ, ಸಾಮಿಲ್ಲಿನ ಶೆಡ್ಡು, ಅರ್ಧ ಕಟ್ಟಿದ ಚಿಮಣಿ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿಟ್ಟರೆ ಆಕಾಶದ ತುಂಬ ನೀರಿನ ಮೇಲೆ ಎಣ್ಣೆ ಬಿದ್ದಂಥ ಉಂಗುರಗಳು. ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು: ದಿಮ್ಮಿಗಳ ಕೊಯ್ದ ತುದಿ, ಸೀಳುಗಳು, ಗರಗಸದ ಹಲ್ಲು, ಎಲ್ಲ ಮೇಣದ ಹಾಗೆ ಕಲಸಿಹೋಗುತ್ತೆ. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಸ್ಪಷ್ಟ! ಅಂಚಿನಲ್ಲಿ ನೀಲಿ ಮಿಶ್ರಿತ ಬೆಳ್ಳಿ ಹೊಳಪೂ ಇದೆ. ಸ್ಪಿರಿಟ್ ಹಾಕಿ ಒರೆಸಲೇ? ಇವು ಕಾರ್ಖಾನೆ ಕಟ್ಟುವಾಗಿನವೇ?

ಉತ್ತರ 1:
ದಯವಿಟ್ಟು ಒರೆಸಬೇಡಿ. ಆ ಹೊಳಪು ಕೊಳೆಯಲ್ಲ. ಚಿತ್ರದ ಬೆಳ್ಳಿಯೇ ತೇವ, ಗಾಳಿಯ ಪ್ರಭಾವದಿಂದ ಮೇಲೆ ಬಂದು ಪದರ ಕಟ್ಟಿರೋದು. ಒರೆಸಿದರೆ ಚಿತ್ರವೇ ಹೋಗುತ್ತೆ. ಮೆತ್ತನೆಯ ಬ್ರಶ್ಶಿನಲ್ಲಿ ಗಾಜಿನ ಬದಿಯ (ಚಿತ್ರದ ಪದರವಿಲ್ಲದ ಕಡೆಯ) ಧೂಳು ತೆಗೆದರೆ ಸಾಕು.

ಕಲಸಿಹೋಗೋದಕ್ಕೆ ಕಾರಣ ನಿಮ್ಮ ಪ್ಲೇಟ್ ಅಲ್ಲ, ಸ್ಕ್ಯಾನರಿನ ಸಾಫ್ಟ್‌ವೇರಿನಲ್ಲಿರೋ ಧೂಳು ತೆಗೆಯುವ ಆಯ್ಕೆ ಅಂತ ನನಗೆ ಅನಿಸುತ್ತೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳನ್ನು ಗುರುತಿಸುತ್ತೆ. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಆ ಬೆಳಕು ದಾಟುತ್ತೆ, ಕಪ್ಪು-ಬಿಳುಪಿನ ಬೆಳ್ಳಿ ಅದನ್ನು ತಡೆಯುತ್ತೆ. ಹಾಗಾಗಿ ಸ್ಕ್ಯಾನರ್ ನಿಮ್ಮ ದಿಮ್ಮಿಗಳನ್ನೇ ಧೂಳು ಅಂದುಕೊಂಡು ಅಳಿಸಿ, ಸುತ್ತಲಿನ ಛಾಯೆಯಿಂದ ತುಂಬಿಬಿಡುತ್ತೆ. ಅದನ್ನು ಆಫ್ ಮಾಡಿ, ಶಾರ್ಪನಿಂಗ್ ಕೂಡ. 16-ಬಿಟ್ ಗ್ರೇಸ್ಕೇಲ್‌ನಲ್ಲಿ (ಬರೀ ಕಪ್ಪು-ಬಿಳುಪಿನ ಛಾಯೆಗಳಲ್ಲಿ) ಟಿಫ್ ಫೈಲ್ ಆಗಿ ಉಳಿಸಿ.

ಉಂಗುರಗಳು ಎರಡು ನುಣುಪು ಗಾಜುಗಳ ನಡುವಿನ ತೆಳು ಗಾಳಿಪದರದಿಂದ ಬರುತ್ತವೆ. ಪ್ಲೇಟಿನ ನಾಲ್ಕು ಅಂಚಿಗೂ ಸುಮಾರು ಒಂದು ಮಿ.ಮೀ. ದಪ್ಪದ ರಟ್ಟಿನ ಪಟ್ಟಿ ಕೊಟ್ಟು ಎತ್ತಿ. ಫೋಕಸ್ ಸಡಿಲವಾದರೆ ಲೈಟ್ ಪ್ಯಾನೆಲ್ ಮೇಲಿಟ್ಟು ಮ್ಯಾಕ್ರೋ ಲೆನ್ಸಿನಲ್ಲಿ ತೆಗೆಯಿರಿ. ನನಗೆ ಅದೇ ಇಷ್ಟ, ಎಮಲ್ಷನ್ನಿಗೆ, ಅಂದರೆ ಗಾಜಿನ ಮೇಲಿನ ಚಿತ್ರದ ಪದರಕ್ಕೆ, ಏನೂ ತಾಗೋದಿಲ್ಲ.

ಉತ್ತರ 2:
ಕಾಲದ ಬಗ್ಗೆ ಎರಡು ಮಾತು. ಬೆಂಕಿಪುರ ಅಂತಿದ್ದ ಊರಿನಲ್ಲಿ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಆಗಿನ ಹೆಸರಲ್ಲೇ ಮರದ ಡಿಸ್ಟಿಲೇಷನ್ ಇತ್ತು. ಕಾಡಿನ ಸೌದೆಯನ್ನು ಗಾಳಿಯಾಡದ ಪಾತ್ರೆಯಲ್ಲಿ ಬೇಯಿಸಿ ಇದ್ದಿಲು ಮಾಡುತ್ತಿದ್ದರು. ಕೆಮ್ಮಣ್ಣುಗುಂಡಿಯ ಅದಿರು ಆ ಇದ್ದಿಲಿನಿಂದಲೇ ಕರಗುತ್ತಿತ್ತು. ಹಾಗಾಗಿ ಮರದ ರಾಶಿಯೆಲ್ಲ ಸಾಮಿಲ್ಲಿನದೇ ಅಂದುಕೊಳ್ಳಬೇಡಿ. ಸಮ ಉದ್ದಕ್ಕೆ ಕತ್ತರಿಸಿದ ಸಣ್ಣ ತುಂಡುಗಳಿದ್ದರೆ ಅದು ಇದ್ದಿಲಿನ ಸೌದೆ ಇರಬಹುದು. ಅರ್ಧ ಚಿಮಣಿ ನೋಡಿದ ಕೂಡಲೆ 1922 ಅಂತ ಬರೆಯಬೇಡಿ. 1930ರ ದಶಕದಲ್ಲೂ ಅಲ್ಲಿ ಕಾಗದ, ಸಿಮೆಂಟು ಅಂತ ಕಟ್ಟಡಗಳು ಏಳುತ್ತಲೇ ಇದ್ದವು.

ಅಂದಹಾಗೆ ದೊಡ್ಡ ದಿಮ್ಮಿಗಳ ತುದಿಯನ್ನು ಜೂಮ್ ಮಾಡಿ ನೋಡಿ. ಅರಣ್ಯ ಇಲಾಖೆಯವರು ಅಲ್ಲಿ ಸುತ್ತಿಗೆ ಮುದ್ರೆ ಹೊಡೆಯುತ್ತಾರೆ.

ಪ್ರಶ್ನೆ ಕೇಳಿದವರು:
ಆ ಆಯ್ಕೆ ಆಫ್ ಮಾಡಿದ್ದೇ ತಡ, ದಿಮ್ಮಿಯ ಒಂದೊಂದು ಸೀಳೂ ಬಂತು! ರಟ್ಟು ಕೊಟ್ಟಮೇಲೆ ಉಂಗುರ ಇಲ್ಲ. ಮೂರನೇ ಪ್ಲೇಟಿನ ಒಂದು ದಿಮ್ಮಿಯ ಮೇಲೆ ಮುದ್ರೆ ನಿಜಕ್ಕೂ ಇದೆ, ಆದರೆ ಅಕ್ಷರಗಳು ತಿರುಗಾಮುರುಗಾ.

ಉತ್ತರ 1:
ಹಾಗಾದರೆ ಎಮಲ್ಷನ್ ಬದಿಯಿಂದ ಸ್ಕ್ಯಾನ್ ಆಗಿದೆ. ಓರೆಯಾಗಿ ಹಿಡಿದು ನೋಡಿ, ಮಂಕಾಗಿ ಕಾಣೋ ಬದಿ ಅದು. ಪ್ಲೇಟ್ ಮತ್ತೆ ಮುಟ್ಟಬೇಡಿ, ಕಂಪ್ಯೂಟರಿನಲ್ಲೇ ಎಡ-ಬಲ ತಿರುಗಿಸಿ. ಮುದ್ರೆ ಓದಲು ಬಂದ ಮೇಲೆ ಇಲ್ಲೇ ಹಾಕಿ, ಎಲ್ಲರೂ ಸೇರಿ ಓದೋಣ.