ಅಪ್‌ಡೇಟ್: ಕುರ್ಚಿ ಮೇಲಿನ ಬಟ್ಟೆ ರಾಶಿ

ಹೋದ ತಿಂಗಳು ಕೇಳಿದ್ದೆ: ನನಗೆ 34, ಆಟಿಸಂ ಇದೆ. ಕಪಾಟಿನ ಪುಸ್ತಕ ಒಂದಿಂಚು ಸರಿದರೂ ಮನಸ್ಸಿಗೆ ಕಿರಿಕಿರಿ, ಆದರೆ ಒಗೆದ ಬಟ್ಟೆ ವಾರಗಟ್ಟಲೆ ಕುರ್ಚಿ ಮೇಲೇ ಇರುತ್ತದೆ. ಅಮ್ಮ ಸೋಮಾರಿತನ ಅಂತಾರೆ, ಏನು ಮಾಡಲಿ ಅಂತ.

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಬೀರುವಿನ ಬಾಗಿಲು ಬಿಚ್ಚಿಟ್ಟೆ. ಕಣ್ಣಿಗೆ ಕಾಣದ್ದು ನನ್ನ ಮಟ್ಟಿಗೆ ಇಲ್ಲವೇ ಇಲ್ಲ. ಈಗ ಮೂರು ಬುಟ್ಟಿ, ಮಡಚುವ ಕೆಲಸವೇ ಇಲ್ಲ, ಹಾಗೇ ಹಾಕಿಬಿಡುತ್ತೇನೆ. ಸಿಂಕಿನಲ್ಲಿ ನೆನೆದ ಅನ್ನದಗುಳು ಬೆರಳಿಗೆ ತಾಗಿದರೆ ಮೈ ಝುಮ್ ಅನ್ನುತ್ತಿತ್ತು. ರಬ್ಬರ್ ಗ್ಲೌಸ್ ಹಾಕಿಕೊಂಡ ಮೇಲೆ ಪಾತ್ರೆ ಉಳಿಯುತ್ತಿಲ್ಲ.

ಕಷ್ಟವಾಗಿದ್ದು ಅಮ್ಮನ ವಿಷಯ. ನಾನು ಆಫೀಸಿಗೆ ಹೋಗಿದ್ದಾಗ ಪ್ರೀತಿಯಿಂದಲೇ ಇಡೀ ರೂಮು ಜೋಡಿಸಿಟ್ಟಿದ್ದರು. ಒಂದು ವಸ್ತುವೂ ಅದರ ಜಾಗದಲ್ಲಿರಲಿಲ್ಲ. ರಾತ್ರಿವರೆಗೆ ನನಗೆ ಮಾತೇ ಹೊರಡಲಿಲ್ಲ. ಮಾರನೇ ದಿನ ಒಂದು ಹಾಳೆಯಲ್ಲಿ ಬರೆದುಕೊಟ್ಟೆ: "ಅಮ್ಮ, ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ನನಗೆ ಹೊಳೆಯಲ್ಲ. ಮನಸ್ಸಿಲ್ಲ ಅಂತಲ್ಲ." ಎರಡು ಸಲ ಓದಿದರು. ಈಗ ಏನಾದರೂ ಮುಟ್ಟುವ ಮೊದಲು "ಇದನ್ನ ತೆಗೀಲಾ?" ಅಂತ ಕೇಳುತ್ತಾರೆ. ಆ ಎರಡು ಪದ ನನಗೆ ಎಷ್ಟು ನೆಮ್ಮದಿ ಕೊಟ್ಟಿವೆ ಅಂತ ಹೇಳಲಾರೆ.

ಎಡಿಎಚ್‌ಡಿ (ಗಮನ ನಿಲ್ಲಿಸೋದು, ಕೆಲಸ ಶುರು ಮಾಡೋದು ಕಷ್ಟವಾಗುವ ಸ್ಥಿತಿ) ಬಗ್ಗೆ ಕೇಳಿದವರಿಗೆ: ಅದು ನನಗೂ ಇದೆಯಾ ಅಂತ ನೋಡುವ ಪರೀಕ್ಷೆಗೆ ದಿನಾಂಕ ಸಿಕ್ಕಿದೆ. 2013ರಲ್ಲಿ ಡಿಎಸ್ಎಂ-5 (ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿ) ಬರುವವರೆಗೆ ಆ ಕೈಪಿಡಿಯ ಪ್ರಕಾರ ಆಟಿಸಂ ಇದ್ದವರಿಗೆ ಎಡಿಎಚ್‌ಡಿಯನ್ನೂ ಗುರುತಿಸುವಂತಿರಲಿಲ್ಲವಂತೆ. ನನ್ನ ಬಾಲ್ಯವೆಲ್ಲ ಅದಕ್ಕೂ ಮುಂಚಿನದು.

ಮೇಜಿನ ಮೇಲಿನ ಕಾಗದಗಳು ಇನ್ನೂ ಹಾಗೇ ಇವೆ.