ಮಾಲೆ ಹಾಕ್ಕೊಂಡು ಒಮ್ಮೆಗೇ ಕುಡಿತ ನಿಲ್ಲಿಸಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ಯಜಮಾನ್ರು ದಿನಾ ಎರಡು ಕ್ವಾರ್ಟರ್ ವಿಸ್ಕಿ ಕುಡೀತಾರೆ. ಬೆಳಿಗ್ಗೆ ಕೈ ನಡುಗುತ್ತೆ, ಒಂದು ಗುಟುಕು ಹಾಕಿದ ಮೇಲೇ ಸರಿಹೋಗೋದು. ಈ ಸಲ ಅಯ್ಯಪ್ಪನ ಮಾಲೆ ಹಾಕಿದ ದಿನದಿಂದಲೇ ಪೂರ್ತಿ ಬಿಡ್ತೀನಿ ಅಂತಿದ್ದಾರೆ. ನಾನೇನು ನೋಡ್ಕೋಬೇಕು?

ಉತ್ತರ (ಆಪ್ತಸಮಾಲೋಚಕಿ): ಬಿಡೋ ಮನಸ್ಸು ಬಂದಿದೆ, ತುಂಬಾ ಒಳ್ಳೇದು. ಆದ್ರೆ ಮಾಲೆ ಹಾಕೋ ಒಂದೆರಡು ವಾರ ಮೊದಲೇ ಮನೋವೈದ್ಯರಿಗೆ ತೋರಿಸಿ, ಜಿಲ್ಲಾಸ್ಪತ್ರೆಯಾದ್ರೂ ಸರಿ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್, ಎರಡು ಕ್ವಾರ್ಟರ್ ಅಂದ್ರೆ 360 ಎಂಎಲ್, ಹಾಗಾಗಿ ಇವರದು ದಿನಕ್ಕೆ ಸುಮಾರು 120 ಗ್ರಾಂ. ಜೊತೆಗೆ ಬೆಳಗಿನ ನಡುಕ. ಇಂಥವರು ಮನೇಲೇ ತಟ್ಟನೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಮದ್ಯ ಮಂಕು ಮಾಡ್ತಿದ್ದಷ್ಟೂ ಮೆದುಳು ಅದಕ್ಕೆ ಎದುರಾಗಿ ಚುರುಕಾಗಿರೋದು ಕಲಿತಿರುತ್ತೆ; ಮದ್ಯ ನಿಂತಾಗ ಆ ಉದ್ರೇಕ ಮಾತ್ರ ಉಳಿಯುತ್ತೆ.

ಕೊನೆಯ ಗುಟುಕಾಗಿ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನ ಇಲ್ಲದವರು ಕಾಣೋದು, ದಿಕ್ಕು ತಪ್ಪಿದ ಮಾತು, ಜ್ವರ ಶುರುವಾದ್ರೆ ಒಂದು ಗಂಟೆನೂ ಕಾಯಬೇಡಿ. ಮಾಲೆ ಹಾಕಿದ್ದಕ್ಕೆ ದೇವರು ಮೈಮೇಲೆ ಬಂದಿದೆ ಅಂತ ಸುತ್ತಲಿನವರು ಹೇಳಿದ್ರೂ ಕೇಳಬೇಡಿ, 108ಕ್ಕೆ ಕರೆ ಮಾಡಿ. ಫಿಟ್ಸ್ ಬಂದ್ರೆ ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ, ನೀರು ಯಾವುದೂ ಬೇಡ.

ಈ ನಡುಕ, ಫಿಟ್ಸ್ ತಡೆಯೋಕೆ ವೈದ್ಯರು ಸಾಮಾನ್ಯವಾಗಿ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ ಕೊಟ್ಟು, ಸುಮಾರು ಒಂದು ವಾರದಲ್ಲಿ ಡೋಸ್ ಇಳಿಸ್ತಾ ನಿಲ್ಲಿಸ್ತಾರೆ. ಲಿವರ್ ಕೆಟ್ಟಿದ್ರೆ ಲೊರಾಜೆಪಾಮ್. ನೀವೇ ಮೆಡಿಕಲ್‌ನಿಂದ ತಂದು ಕೊಡಬೇಡಿ, ಮಾತ್ರೆ ಮೇಲೆ ಮದ್ಯ ಬಿದ್ರೆ ಉಸಿರೇ ಕುಗ್ಗುತ್ತೆ. ಇನ್ನೊಂದು, ಸುಸ್ತು ಅಂತ ಪಕ್ಕದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಹಾಕಿಸಬೇಡಿ. ಕುಡಿಯೋರಲ್ಲಿ ಥಯಾಮಿನ್, ಅಂದ್ರೆ ಬಿ1, ಮೊದಲೇ ಕಡಿಮೆ ಇರುತ್ತೆ. ಅದನ್ನ ಕೊಡದೆ ಗ್ಲೂಕೋಸ್ ಏರಿಸಿದ್ರೆ ಮೆದುಳಿಗೆ ಪೆಟ್ಟು. ಥಯಾಮಿನ್ ಹಾಕಿದೀರಾ ಅಂತ ಬಾಯ್ಬಿಟ್ಟು ಕೇಳಿ.

ಆಸ್ಪತ್ರೆಗೆ ಹೋಗೋ ದಿನದವರೆಗೆ ಕೂಡಿ ಹಾಕಬೇಡಿ, ಬಾಟ್ಲಿ ಬಚ್ಚಿಡಬೇಡಿ, ತಟ್ಟನೆ ನಿಂತ್ರೆ ಅದೇ ಅಪಾಯ. ಊಟ ಮಾಡಿಸಿ, ಬೈಕ್ ಕೀ ಮಾತ್ರ ಎತ್ತಿಡಿ. ಕುಡಿತ ಬಿಟ್ಟ ಮೊದಲ ವಾರ ಒಪ್ಪೊತ್ತಿನ ಊಟ ಬೇಡ, ಇದನ್ನ ಗುರುಸ್ವಾಮಿಗೂ ಮೊದಲೇ ತಿಳಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಗೊತ್ತಾಗದ ಹಾಗೆ ಸಾರಿಗೆ ಬೆರೆಸೋ ಪುಡಿ ಸಿಗುತ್ತಂತಲ್ಲ, ಅದು ಸುಲಭ ಅಲ್ವಾ?

ಉತ್ತರ (ಮನೋವೈದ್ಯರು): ಖಂಡಿತ ಬೇಡ ತಾಯಿ. ಆ ಪುಡಿಗಳಲ್ಲಿ ಏನಿದೆ ಅಂತ ನಂಬೋ ಹಾಗಿಲ್ಲ. ಕುಡಿತ ಬಿಡಿಸೋಕೆ ಬಳಸೋ ಡೈಸಲ್ಫಿರಾಮ್ ಅನ್ನೋ ಔಷಧಿ ಇದ್ರೆ ಕುಡಿದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ಹೃದಯದ ತೊಂದರೆ ಇದ್ದವರು ಸತ್ತೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಇರುತ್ತೆ. ರೋಗಿ ತಿಳಿದು ಒಪ್ಪಿ, ಲಿವರ್ ಪರೀಕ್ಷೆ ಮಾಡಿಸಿದ ಮೇಲಷ್ಟೇ ನಾವು ಬರೆಯೋದು. ಕದ್ದು ಕೊಟ್ಟಿದ್ದು ಒಂದಿನ ಗೊತ್ತಾಗೇ ಆಗುತ್ತೆ. ಆಮೇಲೆ ಅವರು ನಿಮ್ಮ ಕೈ ಊಟ ಮಾಡೋದೂ ಕಷ್ಟ.

ಪ್ರಶ್ನೆ (ಮೊದಲಿನವರು): ಮಾಲೆ ತೆಗೆದ ಮೇಲೆ ಮತ್ತೆ ಶುರು ಮಾಡಿದ್ರೆ? ಮಕ್ಕಳ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸ್ಲಾ?

ಉತ್ತರ (ಆಪ್ತಸಮಾಲೋಚಕಿ): ಆಣೆ ಬೇಡಮ್ಮ. ಮುರಿದ ದಿನ ನಾಚಿಕೆಗೆ ಬಚ್ಚಿಟ್ಟು ಕುಡೀತಾರೆ, ಆಸ್ಪತ್ರೆಗೂ ಬರಲ್ಲ. ಯಾತ್ರೆಯಿಂದ ಬಂದ ರಾತ್ರಿ ಯಾರು ಕರೀತಾರೆ, ಏನು ಹೇಳಿ ತಪ್ಪಿಸ್ಕೊಳ್ಳೋದು ಅಂತ ಮಾಲೆ ಇರುವಾಗಲೇ ಇಬ್ಬರೂ ಕೂತು ಮಾತಾಡಿ. ಆಸೆ ತಡೆಯೋಕೆ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಮಾತ್ರೆಗಳಿವೆ, ವೈದ್ಯರನ್ನ ಕೇಳಿ. ಟ್ರಮಡಾಲ್ ಥರದ ನೋವಿನ ಮಾತ್ರೆ ತಗೊಳ್ತಿದ್ರೆ ಅದನ್ನೂ ಹೇಳಿ, ನಾಲ್ಟ್ರೆಕ್ಸೋನ್ ಜೊತೆ ಆಗಿಬರಲ್ಲ. ತಿಂಗಳುಗಟ್ಟಲೆ ಬಿಟ್ಟ ದೇಹಕ್ಕೆ ಹಳೆ ಎರಡು ಕ್ವಾರ್ಟರ್ ತಡೆಯೋ ಶಕ್ತಿ ಇರಲ್ಲ, ಇದು ಅವರಿಗೂ ಗೊತ್ತಿರಬೇಕು. ಕುಡಿದು ಬಂದ್ರೆ ಅವತ್ತು ಜಗಳ ಬೇಡ, ಮಗ್ಗುಲಾಗಿ ಮಲಗಿಸಿ. ಬೆಳಿಗ್ಗೆ “ಯಾಕೆ ಕುಡಿದ್ರಿ” ಅನ್ನೋ ಬದಲು “ನಿನ್ನೆ ಏನಾಯ್ತು” ಅಂತ ಕೇಳಿ. ಅವರು ಬರಲ್ಲ ಅಂದ್ರೆ ನೀವೊಬ್ಬರೇ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ.